ಪಾವು ತೂಗಿ ನೋಡಿದ್ದೀರಾ?

ತಿಂಗಳ ಇಪ್ಪತ್ತೆಂಟನೆಯ ತಾರೀಖಿಗೇ ಅಕ್ಕಿಯ ಡಬ್ಬ ಬರಿದಾದರೆ ಕೂಲಿಕಾರನ ಮನೆಯಲ್ಲಿ ಮೊದಲು ಬೈಗುಳ ತಿನ್ನುವವರು ಯಾರು? ಮನೆಯಾಕೆ. “ಕೈ ಹಿಡಿದು ಅಳೆಯಬಾರದಿತ್ತೇ?” ಎಂದು ಗದರುವ ಗಂಡಸು, ಅಂಗಡಿಯಲ್ಲಿ ತೂಕ ಸರಿಯಾಗಿ ಬಂದಿತೇ ಎಂದು ಕೇಳುವುದು ಅಪರೂಪ. ಕೇಳಿದರೂ ಆಕೆಗೆ ಉತ್ತರ ಹೇಳುವ ಬಗೆಯಿಲ್ಲ. ಅಕ್ಕಿ ಮನೆಗೆ ಬರುವುದು ಕಿಲೋ ಲೆಕ್ಕದಲ್ಲಿ, ಒಲೆಗೆ ಹೋಗುವುದು ಪಾವಿನ ಲೆಕ್ಕದಲ್ಲಿ.

ನಮ್ಮ ಸೀಮೆಯಲ್ಲಿ ಅಳತೆಗಳಿಗೆ ಎಂದೂ ಬರವಿರಲಿಲ್ಲ. ಕಾಮಸಮುದ್ರ, ಬಂಗಾರಪೇಟೆ ಕಡೆಯ ಕನ್ನಡ ಮನೆಗಳಲ್ಲಿ ನಾಲ್ಕು ಪಾವಿಗೆ ಒಂದು ಸೇರು. ಚಿನ್ನದ ಗಣಿಗೆ ದುಡಿಯಲು ಬಂದ ತಮಿಳರಿಗೆ ಎಂಟು ಆಳಾಕಿಗೆ ಒಂದು ಪಡಿ. ತೆಲುಗರಲ್ಲಿ ಸೋಲ, ಮಾನಿಕ. ಸಾಲದೆಂಬಂತೆ ಸೇರು ಎಂಬ ಒಂದೇ ಹೆಸರು ಅಳತೆಗೂ ಇತ್ತು, ತೂಕಕ್ಕೂ ಇತ್ತು. 80 ತೊಲದ ತೂಕದ ಸೇರು ಇಂದಿನ ಲೆಕ್ಕಕ್ಕೆ 933 ಗ್ರಾಂ. ಇಂತಹ ಗೊಂದಲದಲ್ಲಿ ಬಡವನಿಗೆ ಲಾಭವಾಗುವುದುಂಟೇ? ಕೊಳ್ಳುವಾಗ ಗುಪ್ಪೆ ಹಾಕಿ ಅಳೆದುಕೊಂಡು, ಕೊಡುವಾಗ ಬಾಯಿ ಸವರಿ ಅಳೆಯುವವನಿಗೇ ಅದು ಹಬ್ಬ.

ಗಣಿಗಳು ಸರ್ಕಾರದ ವಶವಾದ 1956ರಲ್ಲೇ ತೂಕ ಮತ್ತು ಅಳತೆಗಳ ಕಾನೂನೂ ಆಯಿತು. 1958ರ ಅಕ್ಟೋಬರಿನಿಂದ ಕಿಲೋ ಬರತೊಡಗಿತು; 1962ರ ಏಪ್ರಿಲ್‌ನಿಂದ ತೂಕಕ್ಕೆ ಅದೇ ಕಡ್ಡಾಯ. ಒಳ್ಳೆಯದೇ ಆಯಿತು. ಆದರೆ ಕಾನೂನು ಅಂಗಡಿಯವರೆಗೆ ಬಂದು ನಿಂತಿತು, ಅಡಿಗೆಮನೆಗೆ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಪಾವು ಅಕ್ಕಿಗೆ ಎರಡೂವರೆ ಪಾವು ನೀರೆರೆಯುವುದಕ್ಕೆ ತಕ್ಕಡಿ ಏಕೆ? ಪಾವು ಹಳೆಯದು, ಎಸೆಯಿರಿ ಎಂದು ಬೋಧಿಸುವ ಪಟ್ಟಣದ ಪಂಡಿತರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಎಷ್ಟು ತೂಗುತ್ತದೆಂದು ತಿಳಿದಿರಬೇಕು, ಅಷ್ಟೆ.

ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಕಾಲು ಲೀಟರಿನ ಪಾವಾದರೆ 200 ಗ್ರಾಂ. ಐದು ಜನರ ಸಂಸಾರವೆನ್ನೋಣ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದಲ್ಲಿ ತಲೆಗೆ 5 ಕಿಲೋ ಧಾನ್ಯ. ಎಲ್ಲವೂ ಅಕ್ಕಿಯೇ ಆದರೆ 25 ಕಿಲೋ, ಅಂದರೆ 125 ಪಾವು. ದಿನಕ್ಕೆ ನಾಲ್ಕು ಪಾವು ಬೇಯಿಸಿದರೆ ಮೂವತ್ತು ದಿನ ಕಳೆದು ಐದು ಪಾವು ಉಳಿಯಬೇಕು. ಗುಪ್ಪೆ ಹಾಕಿ ಅಳೆದರೋ? ಎತ್ತರದಷ್ಟೇ ಬಾಯಗಲವಿರುವ ಪಾವಿನಲ್ಲಿ ಗುಪ್ಪೆಯೇ ಹತ್ತರಲ್ಲೊಂದು ಪಾಲು. ಬಾಯಿ ಇನ್ನೂ ಅಗಲವಾದರೆ ಇನ್ನೂ ಹೆಚ್ಚು. ಆಗ ಇಪ್ಪತ್ತೆಂಟು ದಿನಕ್ಕೇ ಅಕ್ಕಿ ಮುಗಿಯಿತು. ಅದಿರಲಿ, ತೂಕದಲ್ಲಿ ಎರಡು ಕಿಲೋ ಕಡಿಮೆ ಬಂದರೆ ಹತ್ತು ಪಾವು, ಎರಡೂವರೆ ದಿನದ ಅನ್ನ ಹೋಯಿತು. ಕೊರತೆ ಕೈಯದೋ ತಕ್ಕಡಿಯದೋ ಎಂಬುದು ಪಾವಿನ ತೂಕ ಗೊತ್ತಿರುವವಳಿಗೆ ಮಾತ್ರ ತಿಳಿಯುತ್ತದೆ.

ಇದಕ್ಕೆ ವಿದ್ಯೆ ಬೇಕಿಲ್ಲ. ಮನೆಯ ಪಾವಿನಿಂದ ಬಾಯಿ ಸವರಿ ಹತ್ತು ಪಾವು ಅಳೆದು ಚೀಲಕ್ಕೆ ಹಾಕಿ, ನಂಬಿಕೆಯ ಅಂಗಡಿಯಲ್ಲಿ ತೂಗಿಸಿ, ಚೀಲದ ತೂಕ ಕಳೆದು ಹತ್ತರಿಂದ ಭಾಗಿಸಿರಿ. ಬಂದ ಅಂಕಿಯನ್ನು ಪಾವಿನ ಬೆನ್ನಿಗೆ ಮೊಳೆಯಿಂದ ಗೀಚಿಡಿ. ಕುಸುಬಲಕ್ಕಿಗೆ ಬೇರೆ, ರಾಗಿಗೆ ಬೇರೆ ತೂಗಬೇಕು.

ಸಣ್ಣ ವರ್ತಕ ಬಂಧುಗಳು ಇದನ್ನು ತಮ್ಮ ಮೇಲಿನ ದೂರೆಂದು ತಿಳಿಯಬಾರದು. ಮೂಟೆಯಲ್ಲೇ ಕೊರತೆ ಬಂದರೆ, ಗೋಣಿಯ ತೂಕವನ್ನೂ ಅಕ್ಕಿಯೆಂದು ಎಣಿಸಿ ಹೊರಿಸಿದರೆ, ಪೆಟ್ಟು ಬೀಳುವುದು ಅವರಿಗೂ. ಮೂಟೆ ಇಳಿಸುವಾಗಲೇ ತೂಗಿ ಬರೆಸಿಕೊಳ್ಳುವ ಹಕ್ಕಿಗಾಗಿ ಅವರು ಒಟ್ಟಾಗಿ ನಿಂತರೆ ನಾವೂ ಜೊತೆಗಿರುತ್ತೇವೆ.

ಇಲಾಖೆಯನ್ನು ನಾವು ಕೇಳುವುದು ಇಷ್ಟು: ಪ್ರತಿ ನ್ಯಾಯಬೆಲೆ ಅಂಗಡಿಯಲ್ಲಿ ಮುದ್ರೆ ಬಿದ್ದ ಎರಡನೆಯ ತಕ್ಕಡಿಯೊಂದನ್ನು ಕಟ್ಟೆಯ ಈಚೆ, ಕೊಳ್ಳುವವರ ಕೈಗೆ ಸಿಗುವಂತೆ ಇಡಬೇಕು. ಕೊಟ್ಟ ಅಕ್ಕಿಯನ್ನು ಅಲ್ಲೇ ಮತ್ತೆ ತೂಗಿಕೊಳ್ಳುವವರನ್ನು ಯಾರೂ ತಡೆಯಕೂಡದು.