ಸಿಬಿಡಿ: ಹತ್ತು ಹನಿ ಎಲ್ಲಿ, 300 ಮಿಲಿಗ್ರಾಂ ಎಲ್ಲಿ?

ಗಾಂಜಾ ಗಿಡದ ನಿಯಂತ್ರಿತ ಬೇಸಾಯದ ಪ್ರಾಯೋಗಿಕ ಅಧ್ಯಯನಕ್ಕೆ ಹಿಮಾಚಲ ಪ್ರದೇಶದ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಮಲೆನಾಡಿನಲ್ಲೇಕೆ ಬೆಳೆಯಬಾರದು ಎಂದು ಕೇಳುವವರಿಗೆ ಅದೊಂದು ಬಲ. ಈ ವಾದದಲ್ಲಿ ಪಾರ್ಕಿನ್ಸನ್ ರೋಗಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ರೂಢಿಯಾಗಿದೆ. ಕೈ ನಡುಗುವ ಅಜ್ಜನಿಗೆ ಈ ಗಿಡದ ಸಿಬಿಡಿ (ಕ್ಯಾನಬಿಡಿಯಾಲ್ ಎಂಬ ಅಂಶ) ಇರುವ ಎಣ್ಣೆ ನಾಲ್ಕು ಹನಿ ಕೊಡಲು ಕಾನೂನು ಬಿಡುತ್ತಿಲ್ಲ ಎಂಬುದು ಒಂದು ಪಕ್ಷ. ಅಜ್ಜನ ಹೆಸರು ಹೇಳಿಕೊಂಡು ಮೊಮ್ಮಗ ಸೇದುತ್ತಾನೆ ಎಂಬುದು ಇನ್ನೊಂದು. ಎಣ್ಣೆಯನ್ನು ಮಂಗಳೂರಿಗೂ ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದು ಎಂಬುದು ಎರಡೂ ಪಕ್ಷಗಳಿಗೆ ಗೊತ್ತಿದ್ದಂತಿಲ್ಲ.

ನನ್ನ ತೀರ್ಮಾನ ಇಷ್ಟೇ: ಇಂದು ನಮ್ಮಲ್ಲಿ ಸಿಗುವ ರೂಪದಲ್ಲಿ, ಇಂದು ಜನ ಕುಡಿಯುವ ಪ್ರಮಾಣದಲ್ಲಿ, ಪಾರ್ಕಿನ್ಸನ್‌ಗೆಂದು ಸಿಬಿಡಿ ಎಣ್ಣೆ ಕೊಳ್ಳುವುದು ದುಡ್ಡು ದಂಡ. ಕಾನೂನು ಸಡಿಲಿಸಿದರೂ ಅದು ದಂಡವೇ.

ಕಾನೂನಿನ ಮಾತು ಬೇಗ ಮುಗಿಸೋಣ. 1985ರ ಮಾದಕದ್ರವ್ಯ ತಡೆ (ಎನ್‌ಡಿಪಿಎಸ್) ಕಾಯ್ದೆಯ ಕಣ್ಣು ಇರುವುದು ಗಿಡದ ಹೂತುದಿ ಮತ್ತು ಅಂಟಿನ ಮೇಲೆ, ಅಂದರೆ ಗಾಂಜಾ, ಚರಸ್ ಮೇಲೆ. ತುದಿಯಿಂದ ಬೇರ್ಪಟ್ಟ ಎಲೆ ಅದರ ವ್ಯಾಖ್ಯೆಯಿಂದ ಹೊರಗಿದೆ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಕೂಡ 2022ರ ಜಾಮೀನು ಆದೇಶವೊಂದರಲ್ಲಿ ಹೇಳಿದೆ. ಸಿಬಿಡಿ ಎಣ್ಣೆಯಲ್ಲಿರುವ ಎಲೆಯ ಸತ್ವ ‘ವಿಜಯಾ’ ಎಂಬ ಹೆಸರಿನಲ್ಲಿ ಆಯುರ್ವೇದ ಔಷಧವಾಗಿ ಪರವಾನಗಿ ಪಡೆಯುತ್ತದೆ. ವಿಷದ್ರವ್ಯಗಳ ಪಟ್ಟಿಯಲ್ಲಿರುವುದರಿಂದ ವೈದ್ಯರ ನಿಗಾದಲ್ಲಿ ಬಳಸಿ ಎಂಬ ಎಚ್ಚರಿಕೆ ಬಾಟಲಿಯ ಮೇಲಿರಬೇಕು. ಆ ನಿಗಾ ಎಷ್ಟೋ ಸಲ ಫೋನಿನ ಎರಡು ಮಾತಿನಲ್ಲಿ ಮುಗಿಯುತ್ತದೆ.

ಈಗ ಯಾರೂ ಬಾಯಿ ಬಿಡದ ಅಂಕಿಗೆ ಬರೋಣ: ದಿನಕ್ಕೆ 300 ಮಿಲಿಗ್ರಾಂ.

ಬ್ರೆಜಿಲ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಸಿಬಿಡಿ ಪರ ಬರೆಯುವವರೆಲ್ಲ ಉಲ್ಲೇಖಿಸುತ್ತಾರೆ. ಅದರಲ್ಲಿದ್ದ ರೋಗಿಗಳು 21 ಮಂದಿ. ಏಳು ಜನರಿಗೆ ಪ್ಲಸಿಬೊ (ಔಷಧವಿಲ್ಲದ ಹುಸಿ ಮದ್ದು), ಏಳು ಜನರಿಗೆ ದಿನಕ್ಕೆ 75 ಮಿಗ್ರಾಂ, ಉಳಿದ ಏಳು ಜನರಿಗೆ 300 ಮಿಗ್ರಾಂ. ಆರು ವಾರ ಕಳೆದ ಮೇಲೆ ನಡುಕ, ಬಿಗಿತ, ನಿಧಾನಗತಿ ಅಳೆಯುವ ಅಂಕಗಳಲ್ಲಿ ಮೂರು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬದುಕಿನ ಗುಣಮಟ್ಟದ ಪ್ರಶ್ನಾವಳಿಯಲ್ಲಿ ಮಾತ್ರ, ಅದೂ 300 ಮಿಗ್ರಾಂ ಕುಡಿದವರಲ್ಲಿ ಮಾತ್ರ, ಪ್ಲಸಿಬೊಗಿಂತ ಸುಧಾರಣೆ ಕಂಡಿತು. ಇಷ್ಟನ್ನು ‘ಪಾರ್ಕಿನ್ಸನ್‌ಗೆ ಸಿಬಿಡಿ ಪರಿಣಾಮಕಾರಿ’ ಎಂದು ಬರೆಯುವ ಧೈರ್ಯಕ್ಕೆ ಏನು ಹೇಳುವುದು?

ಇನ್ನು ನಮ್ಮ ಬಾಟಲಿ. 30 ಮಿಲಿ ಎಣ್ಣೆಯಲ್ಲಿ ಒಟ್ಟು 1,000 ಮಿಗ್ರಾಂ ಸಿಬಿಡಿ ಇದೆ ಎಂದೇ ನಂಬೋಣ. ಮಿಲಿಗೆ 20 ಹನಿಯಂತೆ ಬಾಟಲಿಗೆ 600 ಹನಿ, ಹನಿಗೆ ಒಂದೂಮುಕ್ಕಾಲು ಮಿಗ್ರಾಂಗೂ ಕಡಿಮೆ. ಬೆಳಿಗ್ಗೆ ಐದು, ರಾತ್ರಿ ಐದು ಹನಿ ನಾಲಿಗೆಯಡಿ ಬಿಟ್ಟುಕೊಳ್ಳುವ ಹಿರಿಯರಿಗೆ ಸಿಗುವುದು ದಿನಕ್ಕೆ ಸುಮಾರು 17 ಮಿಗ್ರಾಂ. ಬ್ರೆಜಿಲ್‌ನಲ್ಲಿ ಪರೀಕ್ಷಿಸಿದ ದೊಡ್ಡ ಪ್ರಮಾಣದ ಹದಿನೆಂಟರಲ್ಲಿ ಒಂದು ಭಾಗ; ಪರಿಣಾಮ ತೋರದ 75 ಮಿಗ್ರಾಂನ ಕಾಲು ಭಾಗದಷ್ಟೂ ಇಲ್ಲ. 300 ಮುಟ್ಟಬೇಕಾದರೆ ದಿನಕ್ಕೆ 180 ಹನಿ ಬೇಕು, ಬಾಟಲಿ ನಾಲ್ಕನೇ ದಿನಕ್ಕೆ ಖಾಲಿ. ತಿಂಗಳಿಗೆ ಒಂಬತ್ತು ಬಾಟಲಿ. ಒಂದಕ್ಕೆ ಮೂರು ಸಾವಿರ ಎಂದಿಟ್ಟುಕೊಂಡರೆ 27,000 ರೂಪಾಯಿ. ಅದೇ ಹಿರಿಯರ ಮನೆಯಲ್ಲಿ ಪಾರ್ಕಿನ್ಸನ್‌ನ ಮಾಮೂಲಿ ಲೆವೊಡೋಪಾ ಮಾತ್ರೆಯಾದ ಸಿಂಡೋಪಾಕ್ಕೆ ಆಗುವ ತಿಂಗಳ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಪ್ರಮಾಣ ಇನ್ನೂ ಏರಿಸಿದರೆ? ಅಮೆರಿಕದ ಕೊಲರಾಡೊದಲ್ಲಿ ಅದನ್ನೂ ಮಾಡಿದ್ದಾರೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 13 ಮಂದಿಗೆ ದೇಹತೂಕದ ಕಿಲೋಗೆ 20–25 ಮಿಗ್ರಾಂವರೆಗೆ ಕೊಟ್ಟರು. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 1,200 ಮಿಗ್ರಾಂ ದಾಟುತ್ತದೆ. ಲಕ್ಷಣಗಳು ತಗ್ಗಿದವು ಎಂಬ ವರದಿ ಬಂತು; ಹೋಲಿಸಲು ಪ್ಲಸಿಬೊ ಗುಂಪೇ ಇರಲಿಲ್ಲ. ಐವರಲ್ಲಿ ಯಕೃತ್ತಿನ ಕಿಣ್ವಗಳು ಏರಿದವು, ಭೇದಿ ಬಹಳ ಜನರನ್ನು ಕಾಡಿತು. ಅದೇ ತಂಡ ಮುಂದೆ 61 ರೋಗಿಗಳ ಮೇಲೆ ಪ್ಲಸಿಬೊ ಇಟ್ಟು ಸರಿಯಾದ ಪರೀಕ್ಷೆ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆ ಸರಾಸರಿ 190 ಮಿಗ್ರಾಂ ಸಿಬಿಡಿ, ಜೊತೆಗೆ ತುಸು ಟಿಎಚ್‌ಸಿ (ಗಿಡದ ಅಮಲೇರಿಸುವ ಅಂಶ), ಸುಮಾರು ಎರಡು ವಾರ. ಚಲನೆಯ ತೊಂದರೆಯ ಅಂಕ ಔಷಧ ಪಡೆದವರಲ್ಲಿ 4.57ರಷ್ಟು ಇಳಿಯಿತು, ಪ್ಲಸಿಬೊ ಪಡೆದವರಲ್ಲಿ 2.77ರಷ್ಟು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ನಿದ್ರೆ, ಅರಿವಿನ ಸಾಮರ್ಥ್ಯ, ದಿನನಿತ್ಯದ ಕೆಲಸಗಳ ವಿಷಯದಲ್ಲಿ ಪ್ಲಸಿಬೊ ಗುಂಪೇ ಮೇಲಾಗಿತ್ತು.

ಆ 2.77 ಅನ್ನು ಕಡೆಗಣಿಸಬೇಡಿ. ಪಾರ್ಕಿನ್ಸನ್‌ನಲ್ಲಿ ಪ್ಲಸಿಬೊ ಎಂದರೆ ಬರೀ ಭ್ರಮೆಯಲ್ಲ. ಔಷಧ ಸಿಕ್ಕಿತೆಂಬ ನಿರೀಕ್ಷೆಯಿಂದಲೇ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು ಕೆನಡಾದ ವಿಜ್ಞಾನಿಗಳು 2001ರಲ್ಲೇ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಆದ್ದರಿಂದ ಎಣ್ಣೆ ಕುಡಿದ ತಂದೆಯವರ ಕೈ ಒಂದು ವಾರ ಕಡಿಮೆ ನಡುಗಿತು ಎನ್ನುವ ಮಗಳು ಸುಳ್ಳು ಹೇಳುತ್ತಿಲ್ಲ. ಕೈ ನಿಜಕ್ಕೂ ಕಡಿಮೆ ನಡುಗಿರಬಹುದು. ಅದರ ಶ್ರೇಯಸ್ಸು ಬಾಟಲಿಗೆ ಸೇರಬೇಕೇ ಎಂಬುದಷ್ಟೇ ಪ್ರಶ್ನೆ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ, ಹನಿ ಬಿದ್ದ ಕೆಲವೇ ನಿಮಿಷಕ್ಕೆ ನಡುಕ ನಿಲ್ಲುವ ವಿಡಿಯೊಗಳನ್ನು ನೋಡುವಾಗಲೂ ಇದು ನೆನಪಿರಲಿ.

‘ಗಿಡಮೂಲಿಕೆಯನ್ನು ಪಾಶ್ಚಾತ್ಯ ಅಳತೆಗೋಲಿನಿಂದ ಅಳೆಯಬೇಡಿ’ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಅದಕ್ಕೆ ಉತ್ತರ ನಮ್ಮ ತೋಟದ ಬೇಲಿಯಲ್ಲೇ ಇದೆ: ನಸುಗುನ್ನಿ. ನಡುಕದ ಕಾಯಿಲೆಯಾದ ಕಂಪವಾತಕ್ಕೆ ಆಯುರ್ವೇದ ವೈದ್ಯರು ಬಳಸುತ್ತ ಬಂದ ಬೀಜ. ಅದರಿಂದ ಲೆವೊಡೋಪಾ ಬೇರ್ಪಡಿಸಿದವರು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ, 1937ರಲ್ಲಿ. ಪಾರ್ಕಿನ್ಸನ್‌ಗೆ ಲೆವೊಡೋಪಾ ಚಿಕಿತ್ಸೆ ನೆಲೆಯೂರುವುದಕ್ಕೆ ಮೂರು ದಶಕ ಮೊದಲು. ಬೀಜದಿಂದ ತಯಾರಿಸಿದ ಎಚ್‌ಪಿ-200 ಪುಡಿಯನ್ನು 60 ರೋಗಿಗಳಿಗೆ 12 ವಾರ ಕೊಟ್ಟ ಅಧ್ಯಯನ 1995ರಲ್ಲಿ ಪ್ರಕಟವಾಯಿತು. 2004ರಲ್ಲಿ ಲಂಡನ್‌ನ ವೈದ್ಯರು ಎಂಟೇ ರೋಗಿಗಳನ್ನಿಟ್ಟುಕೊಂಡು 15 ಗ್ರಾಂ, 30 ಗ್ರಾಂ ಪುಡಿಯನ್ನು ಲೆವೊಡೋಪಾ ಮಾತ್ರೆಯೊಂದಿಗೆ ಹೋಲಿಸಿದರು. 30 ಗ್ರಾಂ ಪುಡಿ 35 ನಿಮಿಷದಲ್ಲಿ ಹಿಡಿಯಿತು, ಮಾತ್ರೆಗೆ 69 ನಿಮಿಷ ಬೇಕಾಯಿತು. ಪುಡಿಯ ಪರಿಣಾಮ ಮಾತ್ರೆಯದಕ್ಕಿಂತ ಅರ್ಧ ಗಂಟೆಗೂ ಹೆಚ್ಚು ಕಾಲ ಉಳಿಯಿತು. ಎಂಟು ಜನರ ಅಧ್ಯಯನವೂ ಚಿಕ್ಕದೇ, ಒಪ್ಪೋಣ. ಆದರೆ ಎಷ್ಟು ಗ್ರಾಂ, ಎಷ್ಟು ನಿಮಿಷ, ಯಾವ ಅಂಶದಿಂದ ಎಂಬ ಮೂರೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ವಿಜಯಾ ಎಣ್ಣೆ ಮಾರುವವರು ಪಾರ್ಕಿನ್ಸನ್ ವಿಷಯದಲ್ಲಿ ಇವುಗಳಲ್ಲಿ ಒಂದಕ್ಕಾದರೂ ಉತ್ತರ ಕೊಡಲಿ.

ಲೇಬಲ್ ಮೇಲೆ ‘ವಿಜಯಾ ಸತ್ವ ಇಷ್ಟು ಮಿಗ್ರಾಂ’ ಎಂದು ಬರೆದರೆ ಅದರಲ್ಲಿ ಸಿಬಿಡಿ ಎಷ್ಟು, ಅಮಲೇರಿಸುವ ಟಿಎಚ್‌ಸಿ ಎಷ್ಟು ಎಂದು ತಿಳಿಯುವುದಿಲ್ಲ. ಅಮೆರಿಕದಲ್ಲಿ ಆನ್‌ಲೈನ್ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಲೇಬಲ್ ಸರಿಯಿದ್ದದ್ದು ಶೇ 31ರಲ್ಲಿ ಮಾತ್ರ. ಇಲ್ಲಿ ನಮ್ಮ ಮಂಗಳೂರಿನಲ್ಲೇ 2023ರ ಜುಲೈಯಲ್ಲಿ ನಗರ ಪೊಲೀಸರು ಅಂಗಡಿಗಳಿಂದ ಭಂಗಿ ಚಾಕೊಲೇಟ್ ಕಿಲೋಗಟ್ಟಲೆ ವಶಪಡಿಸಿಕೊಂಡದ್ದು, ಅದರಲ್ಲಿ ಗಾಂಜಾ ಅಂಶ ಇರುವುದು ಪ್ರಯೋಗಾಲಯದಲ್ಲಿ ಖಚಿತವಾಯಿತೆಂದು ಆಮೇಲೆ ಹೇಳಿದ್ದು ಓದುಗರಿಗೆ ನೆನಪಿರಬಹುದು. ಮೊದಲೇ ಇಲ್ಲದವರನ್ನು ಕಂಡಂತೆ ಮಾತಾಡುವ ಪಾರ್ಕಿನ್ಸನ್ ರೋಗಿಗೆ ಟಿಎಚ್‌ಸಿ ಕುಡಿಸುವುದು ಆಟವಲ್ಲ. ಔಷಧಗಳನ್ನು ವಿಲೇವಾರಿ ಮಾಡುವ ಯಕೃತ್ತಿನ ಕಿಣ್ವಗಳ ಕೆಲಸವನ್ನು ಸಿಬಿಡಿ ತಡೆಯುವುದರಿಂದ ವಾರ್ಫರಿನ್ ನುಂಗುವವರ ರಕ್ತ ಬೇಕಾದ್ದಕ್ಕಿಂತ ತೆಳುವಾಗಬಹುದು. ಎಣ್ಣೆಯ ವಿಷಯ ನರರೋಗ ತಜ್ಞರಿಂದ ಮುಚ್ಚಿಡುವ ಮನೆಯವರು ಇದನ್ನಾದರೂ ತಿಳಿದಿರಬೇಕು. ಇನ್ನೊಂದು ಮಾತು, ಕರಾವಳಿಯವರಿಗೆಂದೇ: ಮಗನ ಮನೆಗೆಂದು ದುಬೈ ವಿಮಾನ ಹತ್ತುವವರ ಚೀಲದಲ್ಲಿ ಈ ಬಾಟಲಿ ಇರಕೂಡದು. ಅಲ್ಲಿ ಸಿಬಿಡಿಯೂ ನಿಷಿದ್ಧ, ನಮ್ಮ ಆಯುರ್ವೇದ ಪರವಾನಗಿ ಅಲ್ಲಿ ನಡೆಯುವುದಿಲ್ಲ.

1954ರ ಮಾಂತ್ರಿಕ ಚಿಕಿತ್ಸೆ ಜಾಹೀರಾತು ತಡೆ ಕಾಯ್ದೆಯ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ಇವೆ. ಬಾಟಲಿಯ ಪಕ್ಕದಲ್ಲಿ ಪಾರ್ಕಿನ್ಸನ್ ಹೆಸರು ಹಾಕಿ ಮಾರುವವರಿಗೆ ನೋಟಿಸ್ ಕೊಡಲು ಹೊಸ ಕಾಯ್ದೆ ಬೇಕಿಲ್ಲ. ಸಿಬಿಡಿ, ಟಿಎಚ್‌ಸಿ ಎರಡರ ಪ್ರಮಾಣವನ್ನೂ ಪ್ರತಿ ಬ್ಯಾಚ್‌ನ ಬಾಟಲಿಯ ಮೇಲೆ ಬರೆಯಿರಿ ಎಂದು ಕೇಳಲು ಗಾಂಜಾ ಬೇಸಾಯದ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ.

ಈ ಎಣ್ಣೆಯ ಪರೀಕ್ಷೆಯನ್ನು ನಮ್ಮಲ್ಲೇ ನಡೆಸಲು ಮಂಗಳೂರಿಗಿಂತ ಒಳ್ಳೆಯ ಊರು ಯಾವುದು? ಅತ್ತಾವರದಿಂದ ಕಂಕನಾಡಿ, ಅಲ್ಲಿಂದ ದೇರಳಕಟ್ಟೆ, ಇಷ್ಟರೊಳಗೆ ಎಷ್ಟು ವೈದ್ಯಕೀಯ ಕಾಲೇಜುಗಳು! ಕಾಸರಗೋಡಿನ ರೋಗಿಗಳೂ ಇಲ್ಲಿಗೇ ಬರುತ್ತಾರೆ. ಆಯುರ್ವೇದದವರು ಬೇಕೆಂದರೆ ಮೂಡುಬಿದಿರೆ, ಉಡುಪಿ ದೂರವಿಲ್ಲ. ನೂರು ರೋಗಿಗಳು, 300 ಮಿಗ್ರಾಂ, ಪ್ಲಸಿಬೊ ಗುಂಪು, ತಿಂಗಳಿಗೊಮ್ಮೆ ಯಕೃತ್ತಿನ ರಕ್ತಪರೀಕ್ಷೆ. ಖರ್ಚನ್ನು ಎಣ್ಣೆ ಮಾರುವ ಕಂಪನಿಗಳು ಕೊಡಲಿ, ಲೆಕ್ಕ ಮಾತ್ರ ಅವರ ಕೈಗೆ ಹೋಗದಿರಲಿ. ಫಲಿತಾಂಶ ಸಿಬಿಡಿ ಪರವಾಗಿ ಬಂದರೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಉಚಿತವಾಗಿ ಕೊಡಿ ಎಂದು ಕೇಳುವವರ ಜೊತೆ ನಾನೂ ಸಹಿ ಹಾಕುತ್ತೇನೆ.