ವಚನಗಳ ಗಣಕ ಭಂಡಾರ ಮತ್ತು ಶಾಲೆಗಳ ಹೊಣೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಮಳೆಗಾಲವೆಂದರೆ ಕಾಗದಕ್ಕೆ ಕಂಟಕಕಾಲ. ಬೂಷ್ಟು, ಗೆದ್ದಲುಗಳಿಗೆ ಗ್ರಂಥದ ಬೆಲೆ ತಿಳಿಯದು. ಬರೆದುದನ್ನು ಉಳಿಸುವುದು ಹೇಗೆಂಬ ಚಿಂತೆ ಈ ಮಲೆನಾಡಿನ ವಿದ್ಯಾಸಂಸ್ಥೆಗಳಿಗೆ ಹೊಸದಲ್ಲ. ಗಣಕಯಂತ್ರ ಬಂದ ಮೇಲೆ ಆ ಚಿಂತೆ ನೀಗಿತೆಂದು ಹಲವರು ಭಾವಿಸಿದ್ದಾರೆ. ಆದರೆ ಗಣಕದೊಳಗೂ ಒಂದು ಬಗೆಯ ಗೆದ್ದಲುಂಟು.

ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಕನ್ನಡದ ಬೆರಳಚ್ಚನ್ನು ಸುಲಭಗೊಳಿಸಿದವು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರೂ (1938–2007) ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದವರೇ. ಆದರೆ ಆ ದಿನಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸುವುದು ವಾಡಿಕೆಯಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡ್ ವ್ಯವಸ್ಥೆಯಾದರೋ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಕಾದಿರಿಸಿತು. ಅದರಲ್ಲಿ ಬರೆದುದನ್ನು ಯಾವ ಯಂತ್ರದಲ್ಲಿಯೂ ಓದಬಹುದು, ಪದ ಹಿಡಿದು ಹುಡುಕಬಹುದು.

ಇದರ ಫಲವನ್ನು ಕಣ್ಣಾರೆ ತೋರಿಸಿದ್ದು 'ವಚನ ಸಂಚಯ'. ಓಂಶಿವಪ್ರಕಾಶ್ ಮತ್ತು ಅವರ 'ಸಂಚಯ' ಬಳಗದ ಗೆಳೆಯರು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ ಅಂತರಜಾಲಕ್ಕೆ ತಂದರು. 'ಕಾಯಕ' ಎಂಬ ಪದ ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಕಳಸದ ವಿದ್ಯಾರ್ಥಿಯೂ ಕ್ಷಣದಲ್ಲಿ ತಿಳಿಯಬಹುದು. ಇದೇ ಬಳಗದ 'ಪುಸ್ತಕ ಸಂಚಯ'ವು ಹಳೆಯ ಕನ್ನಡ ಗ್ರಂಥಗಳನ್ನು ಹುಡುಕುವ ಹಾದಿಯನ್ನು ತೆರೆಯಿತು.

ಮುದ್ರಿತ ಸಂಪುಟಗಳಿರುವಾಗ ಇದೇಕೆಂದು ಕೆಲವರು ಕೇಳುವುದುಂಟು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದಾಗ, ಓಲೆಗರಿಯೇ ಸಾಕೆಂದು ಸುಮ್ಮನಿದ್ದಿದ್ದರೆ ವಚನಗಳು ಮನೆಮನೆಗೆ ತಲುಪುತ್ತಿದ್ದವೆ? ಪದವನ್ನು ಯಂತ್ರ ಹುಡುಕಿಕೊಡುತ್ತದೆ, ಅದರ ಅರ್ಥವನ್ನು ತಿಳಿಸಬೇಕಾದವರು ಗುರುಗಳೇ ಎಂಬುದೂ ನಿಜ. ಆದ್ದರಿಂದ ಗಣಕವು ಪುಸ್ತಕಕ್ಕಾಗಲಿ ಗುರುವಿಗಾಗಲಿ ಪ್ರತಿಸ್ಪರ್ಧಿಯಲ್ಲ.

ಒಂದು ಕಟುಸತ್ಯವನ್ನು ಮಾತ್ರ ಮರೆಯಲಾಗದು. ಜಾಲತಾಣವೆಂಬುದು ಒಮ್ಮೆ ಕಟ್ಟಿ ಬಿಟ್ಟುಬಿಡುವ ಕಟ್ಟಡವಲ್ಲ. ಅದು ವರ್ಷವರ್ಷವೂ ಕಸಿ ಮಾಡಿ, ಗೊಬ್ಬರವಿಟ್ಟು, ನೆರಳು ಸವರಬೇಕಾದ ಕಾಫಿ ತೋಟ. ನಡೆಸುವವರು ಕೈಬಿಟ್ಟರೆ, ಬಾಡಿಗೆ ಕಟ್ಟದಿದ್ದರೆ, ಅದು ಸದ್ದಿಲ್ಲದೆ ಅಳಿದುಹೋಗುತ್ತದೆ. ಕೊಠಡಿ ಕಟ್ಟಿಸಿದ ದಾನಿಯ ಹೆಸರು ಕಲ್ಲಿನಲ್ಲಿ ಮೂಡುತ್ತದೆ, ಅಕ್ಷರ ಕಾಯಲು ಕೊಟ್ಟ ಹಣಕ್ಕೆ ಅಂತಹ ಶಿಲಾಫಲಕವಿಲ್ಲ. ಆದರೂ ದಾಸೋಹವೆಂಬ ಮಾತಿಗೆ ಅದು ಹೆಚ್ಚು ಸಮೀಪವಾದುದು.

ಅನೇಕ ಶಾಲೆಗಳ ಹಳೆಯ ಸ್ಮರಣ ಸಂಚಿಕೆಗಳು ಹಳೆಯ ಫಾಂಟುಗಳಲ್ಲಿಯೇ ಉಳಿದಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕಾರ್ಯವನ್ನು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು, ತಪ್ಪುಗಳನ್ನು ಅಧ್ಯಾಪಕರು ತಿದ್ದಬಹುದು, ನಿರ್ವಹಣೆಯ ವೆಚ್ಚವನ್ನು ದಾನಿಗಳು ಹೊರಬಹುದು. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದೇ ಸಂಚಿಕೆಯಿಂದ ಆರಂಭವಾದರೂ ಸಾಕು.