ತಲೆಕೆಳಗಾದ ಚಿತ್ರ

ತರಗತಿಯಲ್ಲಿ ಒಂದು ಗಳಿಗೆಯೂ ಸುಮ್ಮನೆ ಕೂರದ ಮಗನನ್ನು ಏನು ಮಾಡುವುದು? ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಚಾರ್ಲ್ಸ್ ಆಡಮ್ಸ್ ಅವರನ್ನು ಕಾಡುತ್ತಿದ್ದ ಚಿಂತೆ ಇದು. ಮನೆತನದ ಮರದ ವ್ಯಾಪಾರ ಮುಳುಗಿಹೋಗಿತ್ತು. ಇದ್ದೊಬ್ಬ ಮಗ ಆನ್ಸೆಲ್ ಯಾವ ಶಾಲೆಗೂ ಒಗ್ಗಲಿಲ್ಲ.

ತಂದೆ ಹೊಡೆದು ಬಡಿದು ದಾರಿಗೆ ತರಲು ಹೋಗಲಿಲ್ಲ. ಶಾಲೆ ಬಿಡಿಸಿ ಮನೆಯಲ್ಲೇ ಪಾಠಕ್ಕೆ ಏರ್ಪಾಡು ಮಾಡಿದರು. 1915ರಲ್ಲಿ ಊರಿನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆದಾಗ ವರ್ಷವಿಡೀ ನಡೆಯುವ ಪಾಸು ಕೊಡಿಸಿ, ಅದನ್ನೇ ಶಾಲೆಯೆಂದು ತಿಳಿದು ನೋಡಿ ಬಾ ಎಂದು ಕಳಿಸಿದರು. ಹುಡುಗ ನೋಡುವುದನ್ನು ಕಲಿತ.

ಮರುವರ್ಷ ಕಾಯಿಲೆಯಿಂದ ಮಲಗಿದ್ದಾಗ ಯೊಸೆಮಿಟಿ ಕಣಿವೆಯನ್ನು ಕುರಿತ ಪುಸ್ತಕವೊಂದು ಅವನ ಕೈಗೆ ಬಂತು. ಓದಿದ್ದೇ ತಡ, ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದ. ಅಪ್ಪ ಅಮ್ಮ ಕರೆದೊಯ್ದರು. ಕಣಿವೆ ತಲುಪಿದ ಮೇಲೆ ಒಂದು ಬೆಳಿಗ್ಗೆ ಅವನಿಗೊಂದು ಕೊಡಕ್ ಬ್ರೌನಿ ಪೆಟ್ಟಿಗೆ ಕ್ಯಾಮೆರಾ ಕೊಟ್ಟರು. ಅವನಿಗಾಗ 14 ವರ್ಷ.

ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಚಿತ್ರ ತೆಗೆಯಲು ಹುಡುಗ ಹಳೆಯ ಮರದ ಬೊಡ್ಡೆಯೊಂದನ್ನು ಹತ್ತಿದ. ಲಡ್ಡು ಹಿಡಿದಿದ್ದ ಬೊಡ್ಡೆ ಕುಸಿಯಿತು. ತಲೆ ಕೆಳಗಾಗಿ ಬೀಳುವಾಗ ಬೆರಳು ಗುಂಡಿ ಒತ್ತಿತು. ಫಿಲಂ ತೊಳೆದವರಿಗೆ ಒಂದು ಚಿತ್ರ ಮಾತ್ರ ಬುಡಮೇಲಾಗಿರುವುದು ಹೇಗೆಂದು ಅಚ್ಚರಿ! ಆನ್ಸೆಲ್‌ಗೆ ಮಾತ್ರ ಆ ವರ್ಷದ ಚಿತ್ರಗಳಲ್ಲಿ ಅದು ಬಲು ಮೆಚ್ಚಿನದು.

ಆದರೆ ಬರಿಯ ಉತ್ಸಾಹ ಎಷ್ಟು ದಿನ ಉಳಿದೀತು? 1917ರಲ್ಲಿ ಅವನು ನೆರೆಯ ಫೋಟೋ ಸಂಸ್ಕರಣಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ. ಫಿಲಂ ತೊಳೆಯುವುದು, ಪ್ರಿಂಟ್ ಹಾಕುವುದು ಅಲ್ಲಿ ಕೈಗೆ ಹತ್ತಿತು. ಜೊತೆಗೆ ಪಿಯಾನೊ ಅಭ್ಯಾಸವೂ ನಡೆದಿತ್ತು. ಪಿಯಾನೊ ವಾದಕನಾಗುವುದೇ ಆಗಿನ ಗುರಿ. ಆ ದಿನನಿತ್ಯದ ಸಾಧನೆ ಚಂಚಲ ಹುಡುಗನಿಗೆ ಶಿಸ್ತು ಕಲಿಸಿತು.

ಶಿಸ್ತಿನ ಫಲ ಕಂಡದ್ದು 1927ರ ಏಪ್ರಿಲ್ 10ರಂದು. ಅದೇ ಹಾಫ್ ಡೋಮ್ ಎದುರು ಆಡಮ್ಸ್ ನಿಂತಾಗ ಉಳಿದಿದ್ದುದು ಎರಡೇ ಪ್ಲೇಟುಗಳು. ಹಳದಿ ಫಿಲ್ಟರ್ ಹಾಕಿ ಒಂದನ್ನು ತೆಗೆದರು. ಆದರೆ ಮನಸ್ಸಿನಲ್ಲಿ ಕಂಡ ಕಪ್ಪು ಆಕಾಶ ಅದರಲ್ಲಿ ಮೂಡದೆಂದು ಹೊಳೆಯಿತು. ಗಾಢ ಕೆಂಪು ಫಿಲ್ಟರ್ ಹಾಕಿ ಕೊನೆಯ ಪ್ಲೇಟನ್ನು ಬಳಸಿದರು. ಅವರಿಗೆ ಹೆಸರು ತಂದ ಚಿತ್ರಗಳಲ್ಲಿ ಅದೂ ಒಂದು. ಗುಂಡಿ ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬುದು ಅವರ ಪಾಠವಾಯಿತು.

1984ರಲ್ಲಿ ಆಡಮ್ಸ್ ತೀರಿಕೊಂಡರು. ಅಷ್ಟು ವರ್ಷವೂ ಅವರು ಯೊಸೆಮಿಟಿಯ ನಂಟು ಬಿಡಲಿಲ್ಲ. ಅಪ್ಪ ಕೊಟ್ಟದ್ದು ಒಂದು ಪಾಸು, ಒಂದು ಅಗ್ಗದ ಕ್ಯಾಮೆರಾ, ಒಂದಿಷ್ಟು ನಂಬಿಕೆ. ದುಡಿಮೆ ಮಗನದು.